ಯಲಹಂಕದ ನೀರು, ಜಕ್ಕೂರಿನ ಕೆರೆ

ಬೆಳಿಗ್ಗೆ ಆರೂವರೆ, ಏಳಕ್ಕೆ ಯಲಹಂಕ ಎದ್ದು ಮುಖ ತೊಳೆಯುತ್ತದೆ. ಸ್ನಾನ, ಪಾತ್ರೆ, ಬಟ್ಟೆ ಎಲ್ಲ ಮುಗಿದು ಮಕ್ಕಳು ಶಾಲೆಯ ವ್ಯಾನು ಹತ್ತುವ ಹೊತ್ತಿಗೆ ಆ ನೀರಿನ ಮೊದಲ ಅಲೆ ಜಕ್ಕೂರು ಕೆರೆಯ ಬಡಗಣ ತುದಿಯಲ್ಲಿರುವ ಶುದ್ಧೀಕರಣ ಘಟಕದ ಕಬ್ಬಿಣದ ಜಾಲರಿಗೆ ಬಂದು ಬಡಿಯುತ್ತದೆ. ರಾತ್ರಿಯೆಲ್ಲ ಕಾಲುವೆಯ ತಳದಲ್ಲಿ ಸಣ್ಣಗೆ ಹರಿಯುತ್ತಿದ್ದ ಕೊಳಚೆ ನೋಡನೋಡುತ್ತಲೇ ಏರುತ್ತದೆ. ಬೂದುಬಣ್ಣದ ನೀರು, ಅದರ ಮೇಲೆ ಸೋಪಿನ ನೊರೆ, ನೊರೆಯ ನಡುವೆ ಶಾಂಪೂ ಪೊಟ್ಟಣ, ಗುಟ್ಕಾ ಚೀಟಿ, ಹಾಲಿನ ಪ್ಯಾಕೆಟ್ಟಿನ ಕತ್ತರಿಸಿದ ಮೂಲೆ, ಉಂಡೆಗಟ್ಟಿದ ಕೂದಲು, ಯಾರದೋ ಮನೆಯ ದೇವರ ಮೇಲಿಂದ ಇಳಿದ ಸೇವಂತಿಗೆ. ಎಲ್ಲವೂ ಕಂಬಿಗಳಿಗೆ ಸಿಕ್ಕಿ ನಿಲ್ಲುತ್ತವೆ. ಉದ್ದ ಹಿಡಿಯ ರೇಕಿನಿಂದ ಅವನ್ನು ಮೇಲಕ್ಕೆಳೆದು, ನೀರು ಸೋರಿಹೋಗಲಿ ಎಂದು ಕಟ್ಟೆಯ ಮೇಲೆ ಹರವುತ್ತಾರೆ. ಬಿಸಿಲೇರುವಷ್ಟರಲ್ಲಿ ಅಲ್ಲೊಂದು ಗುಡ್ಡೆ ಬಿದ್ದಿರುತ್ತದೆ.

ಪಾಳಿಯಲ್ಲಿದ್ದ ಆಪರೇಟರ್‌ಗೆ ಇನ್ನೂ ಮೂವತ್ತು ದಾಟಿಲ್ಲ. ಕಟ್ಟೆಯ ಮೇಲಿಂದ ಬಗ್ಗಿ ನೋಡಲು ಹೋದರೆ ಕೈ ಅಡ್ಡ ಹಿಡಿದ. “ಮೇಡಂ, ಅಷ್ಟು ಬಗ್ಗಬೇಡಿ, ಗ್ಯಾಸ್ ಇರುತ್ತೆ.” ಅವನು ಹೇಳಿದ್ದು ಹೈಡ್ರೋಜನ್ ಸಲ್ಫೈಡ್ ಅನಿಲವನ್ನು. ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯ ನಾತ ಬರುತ್ತದೆ. ಹೆಚ್ಚಾದರೆ ಮೊದಲು ಮೂಗಿನ ಶಕ್ತಿಯನ್ನೇ ಕೆಡಿಸಿ ವಾಸನೆ ತಿಳಿಯದಂತೆ ಮಾಡುತ್ತದೆ, ಆಮೇಲೆ ಪ್ರಾಣ ತೆಗೆಯುತ್ತದೆ. ಸುರಕ್ಷಾ ಸಾಧನವಿಲ್ಲದೆ ಒಳಚರಂಡಿಗೆ ಮನುಷ್ಯರನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ. ಹಾಗಿದ್ದೂ ಮ್ಯಾನ್‌ಹೋಲಿನಲ್ಲಿ, ಅಪಾರ್ಟ್‌ಮೆಂಟಿನ ಶುದ್ಧೀಕರಣ ತೊಟ್ಟಿಯಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಪತ್ರಿಕೆಗಳಲ್ಲಿ ಬರುವುದು ನಿಂತಿಲ್ಲ. ಇಲ್ಲಿ ದುಡಿಯುವವರಿಗೆ ಆ ಸುದ್ದಿಗಳೆಲ್ಲ ಬಾಯಿಪಾಠ.

ಜಾಲರಿಯ ಹತ್ತಿರ ನಿಂತವನಿಗೆ ಊರು ಚೆನ್ನಾಗಿ ಅರ್ಥವಾಗುತ್ತದೆ. ಭಾನುವಾರ ನೀರಿನ ಏರು ಒಂದೆರಡು ಗಂಟೆ ತಡ. ಮದುವೆಯ ತಿಂಗಳುಗಳಲ್ಲಿ ಛತ್ರಗಳ ಜಿಡ್ಡು, ಅನ್ನ, ಬಾಳೆಎಲೆಯ ಚೂರು. ಆಷಾಢ ಬಂತೆಂದರೆ ಜಿಡ್ಡು ಇಳಿಯುತ್ತದೆ. “ದೀಪಾವಳಿ ಬಂತು ಅನ್ನೋದು ನಮಗೆ ಇಲ್ಲೇ ಗೊತ್ತಾಗೋದು. ನರಕ ಚತುರ್ದಶಿ ಬೆಳಿಗ್ಗೆ ನೀರಿನ ಮೇಲೆಲ್ಲ ಎಣ್ಣೆ. ಅವತ್ತು ಟ್ಯಾಂಕಿಗೆ ಗಾಳಿ ಜಾಸ್ತಿ ಕೊಡಬೇಕಾಗುತ್ತೆ” ಎಂದ. ಯಲಹಂಕದ ಅಭ್ಯಂಜನದ ಲೆಕ್ಕ ಇವನಷ್ಟು ಕರಾರುವಾಕ್ಕಾಗಿ ಇಟ್ಟವರು ಬೇರೆ ಯಾರೂ ಇರಲಾರರು.

ಯಲಹಂಕ ಹಳೆಯ ಊರು. ಬೆಂಗಳೂರು ಕಟ್ಟಿದ ಕೆಂಪೇಗೌಡರ ವಂಶದ ನೆಲೆ. ಬೆಂಗಳೂರಿಗಿಂತ ಹಿರಿದು ಎಂಬ ಬಿಗುಮಾನ ಅಲ್ಲಿನ ಹಳಬರಲ್ಲಿ ಈಗಲೂ ಇದೆ. 2007ರಲ್ಲಿ ಬಿಬಿಎಂಪಿಯೊಳಗೆ ಸೇರುವ ತನಕ ಅದಕ್ಕೆ ತನ್ನದೇ ನಗರಸಭೆ ಇತ್ತು. ಹಳೆಯ ಪೇಟೆ, ಗೃಹಮಂಡಳಿ ಎಬ್ಬಿಸಿದ ಉಪನಗರ, ಆಮೇಲೆ ಬಳ್ಳಾರಿ ರಸ್ತೆಯ ಎರಡೂ ಮಗ್ಗುಲಿಗೆ ಹಬ್ಬಿದ ಬಡಾವಣೆಗಳು ಹೀಗೆ ಊರು ಬೆಳೆದಂತೆಲ್ಲ ಅದರ ಬಚ್ಚಲ ನೀರು ಹರಿಯುವ ದಾರಿ ಮಾತ್ರ ಮೊದಲಿನದೇ ಆಗಿತ್ತು. ನೆಲದ ಇಳಿಜಾರು ಎತ್ತ ಒಯ್ದರೆ ಅತ್ತ, ಎಂದರೆ ಜಕ್ಕೂರು ಕೆರೆಗೆ. ಜಲಮಂಡಳಿ ಇಲ್ಲಿ ಶುದ್ಧೀಕರಣ ಘಟಕ ಕಟ್ಟಿದ್ದು ಈ ಶತಮಾನದ ಮೊದಲ ದಶಕದಲ್ಲಿ. ಶುರುವಿನ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್, ಜಲಮಂಡಳಿಯವರ ಬಾಯಲ್ಲಿ 10 ಎಂಎಲ್‌ಡಿ. ಆಮೇಲೆ ಅದನ್ನು ಹೆಚ್ಚಿಸಿದರು. ತಲೆಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ನೂರಕ್ಕೆ ಎಂಬತ್ತು ಪಾಲು ಕೊಳಚೆ ಎಂಬ ಸರ್ಕಾರಿ ಲೆಕ್ಕ ಹಿಡಿದರೆ, ಆ 1 ಕೋಟಿ ಲೀಟರ್ ಸುಮಾರು ತೊಂಬತ್ತು ಸಾವಿರ ಜನರ ದಿನಬಳಕೆ. ಒಂದು ಸಣ್ಣ ನಗರ.

ಈ ನೀರು ಇಲ್ಲಿಗೆ ಮುಟ್ಟುವ ಮೊದಲು ಬಂದಿರುವ ದಾರಿಯನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ. ಬೆಂಗಳೂರಿನ ನಲ್ಲಿಗಳಲ್ಲಿ ಬರುವ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಹಾರೋಹಳ್ಳಿ, ಅಲ್ಲಿಂದ ತಾತಗುಣಿ ಎಂದು ಮೂರು ಹಂತದಲ್ಲಿ ಪಂಪು ಮಾಡಿ, ನೂರು ಕಿಲೋಮೀಟರಿನಷ್ಟು ದೂರದಿಂದ, ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಿ ತರುತ್ತಾರೆ. ಒಬ್ಬರು ಒಮ್ಮೆ ಕೈ ತೊಳೆದರೆ ಆ ಪಯಣ ಚರಂಡಿಯಲ್ಲಿ ಮುಗಿಯುತ್ತದೆ. ಜಕ್ಕೂರಿನಲ್ಲಿ ಅದು ಮುಂದುವರಿಯುತ್ತದೆ. ಇನ್ನೊಂದು ವಿಶೇಷವಿದೆ. ಬೆಂಗಳೂರು ಕೂತಿರುವುದು ನೆಲದ ಏಣಿನ ಮೇಲೆ. ಪಡುವಲಕ್ಕೆ ಬಿದ್ದ ಹನಿ ವೃಷಭಾವತಿ, ಅರ್ಕಾವತಿ ಹಿಡಿದು ಕಾವೇರಿಗೆ ಮರಳುತ್ತದೆ. ಮೂಡಲಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಯ ಪಾಲು. ಜಕ್ಕೂರು ಮೂಡಲ ಮಗ್ಗುಲಿನದು. ಹಾಗಾಗಿ ಕಾವೇರಿಯಿಂದ ಎತ್ತಿದ ನೀರು ಯಲಹಂಕದ ಮನೆಗಳನ್ನು ಹಾದು ಇನ್ನೊಂದು ನದಿಯ ಬಳಗಕ್ಕೆ ಸೇರುವುದು ಇಲ್ಲಿಂದಲೇ.

ಜಾಲರಿ ದಾಟಿದ ಕೊಳಚೆ ಮರಳು ಇಳಿಸುವ ತೊಟ್ಟಿಯಲ್ಲಿ ವೇಗ ಕಳೆದುಕೊಂಡು, ರಸ್ತೆಯ ಮಣ್ಣು, ಪಾತ್ರೆ ಉಜ್ಜಿದ ಮರಳನ್ನು ಅಲ್ಲಿಯೇ ಬಿಟ್ಟು ಮುಂದೆ ಸಾಗುತ್ತದೆ. ಅಲ್ಲಿಂದಾಚೆಗೆ ಕೆಲಸ ಕಣ್ಣಿಗೆ ಕಾಣದ ಜೀವಿಗಳದು. ಹತ್ತು ಎಂಎಲ್‌ಡಿಯ ಮೂಲ ಘಟಕದಲ್ಲಿ ಎರಡು ಹಂತ. ಮೊದಲನೆಯದು ಯುಎಎಸ್‌ಬಿ ಎಂದು ಕರೆಯುವ, ಗಾಳಿಯ ಸಂಪರ್ಕವೇ ಇಲ್ಲದ ಆಳದ ತೊಟ್ಟಿ. ಕೊಳಚೆ ಇಲ್ಲಿ ತಳದಿಂದ ಮೇಲಕ್ಕೆ ನಿಧಾನವಾಗಿ ಏರುತ್ತದೆ. ನಡುವೆ ದಟ್ಟವಾಗಿ ನಿಂತಿರುವ ಕಪ್ಪು ಗಸಿಯಲ್ಲಿ ಗಾಳಿ ಬೇಡದ ಸೂಕ್ಷ್ಮಜೀವಿಗಳಿವೆ. ಅವು ಕೊಳೆಯನ್ನು ತಿಂದು ಮೀಥೇನ್ ಬಿಡುತ್ತವೆ. ಹಾಲೆಂಡಿನ ವಾಗೆನಿಂಗೆನ್‌ನಲ್ಲಿ ಗಾಟ್ಜೆ ಲೆಟಿಂಗಾ ಎಂಬ ವಿಜ್ಞಾನಿಯ ತಂಡ 1970ರ ದಶಕದಲ್ಲಿ ರೂಪಿಸಿದ ವಿಧಾನ ಇದು. ಗಂಗಾ ಶುದ್ಧೀಕರಣ ಯೋಜನೆಯ ಕಾಲದಲ್ಲಿ ಡಚ್ಚರ ನೆರವಿನಿಂದ ಕಾನ್ಪುರಕ್ಕೆ ಬಂತು. ಕರೆಂಟು ಕಡಿಮೆ ಬೇಡುತ್ತದೆ, ನಮ್ಮಂಥ ಬೆಚ್ಚಗಿನ ನಾಡಿಗೆ ಒಗ್ಗುತ್ತದೆ. ಆದರೆ ಇದರಿಂದ ಹೊರಬಿದ್ದ ನೀರು ಇನ್ನೂ ಅರ್ಧ ಕೊಳೆಯೇ. ಬಣ್ಣ ಕರಿ, ವಾಸನೆ ಗಾಢ. ಅದನ್ನು ಹಾಗೆಯೇ ಕೆರೆಗೆ ಬಿಟ್ಟರೆ ಕೆರೆ ಉಳಿಯುವುದಿಲ್ಲ.

ಆಮೇಲಿನದು ಗಾಳಿಯ ತೊಟ್ಟಿ. ಘಟಕದ ಸದ್ದೆಲ್ಲ ಇಲ್ಲಿದೆ. ನೀರು ಕುದಿಯುವಂತೆ ಉಕ್ಕುತ್ತಿರುತ್ತದೆ, ಮುಟ್ಟಿದರೆ ತಣ್ಣಗೆ. ಬಣ್ಣ ಕಂದು. ಅಚ್ಚರಿಯೆಂದರೆ ಇಲ್ಲಿ ನಾತವಿಲ್ಲ. ಮಳೆ ಬಿದ್ದ ಹೊಲದ ಮಣ್ಣಿನದೇ ಒಂದು ವಾಸನೆ ಮೂಗಿಗೆ ತಾಕುತ್ತದೆ. ಅದು ಬಂತೆಂದರೆ ತೊಟ್ಟಿ ಆರೋಗ್ಯವಾಗಿದೆ ಎಂದೇ ಆಪರೇಟರುಗಳ ಲೆಕ್ಕ. ಆಮ್ಲಜನಕ ಸಿಕ್ಕಿದೊಡನೆ ಇನ್ನೊಂದು ಜಾತಿಯ ಬ್ಯಾಕ್ಟೀರಿಯಾಗಳು ಉಳಿದ ಕೊಳೆಯ ಮೇಲೆ ಮುಗಿಬೀಳುತ್ತವೆ, ತಿಂದು ಬೆಳೆದು ಒಂದಕ್ಕೊಂದು ಅಂಟಿ ಹಿಂಜಿದ ಎಳೆಗಳಾಗುತ್ತವೆ. ಮುಂದಿನ ಗುಂಡನೆಯ ತೊಟ್ಟಿಯಲ್ಲಿ, ಕ್ಲಾರಿಫೈಯರಿನಲ್ಲಿ, ಈ ಎಳೆಗಳು ತಳಕ್ಕಿಳಿದು ಮೇಲೆ ತಿಳಿನೀರು ನಿಲ್ಲುತ್ತದೆ. ತಳದ ಗಸಿಯಲ್ಲಿ ಒಂದಷ್ಟನ್ನು ಪಂಪು ಮಾಡಿ ಮತ್ತೆ ಗಾಳಿಯ ತೊಟ್ಟಿಗೇ ಸುರಿಯುತ್ತಾರೆ. ಇವತ್ತಿನ ಮೊಸರಲ್ಲಿ ಒಂದು ಚಮಚ ಉಳಿಸಿ ನಾಳಿನ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಪ್ಪು ಕೆಟ್ಟರೆ ಇಡೀ ತೊಟ್ಟಿ ಕೆಟ್ಟಿತು.

ಆ ಹೆಪ್ಪನ್ನು ಪರೀಕ್ಷಿಸುವ ಕ್ರಮವನ್ನು ಹತ್ತಿರದಿಂದ ನೋಡಬೇಕು. ಆಪರೇಟರ್ ಗಾಳಿಯ ತೊಟ್ಟಿಯಿಂದ ಒಂದು ಮಗ್ಗು ಎತ್ತಿ, ಸಾವಿರ ಮಿಲಿಲೀಟರಿನ ಗಾಜಿನ ಅಳತೆ ಜಾಡಿಗೆ ಗಂಟಲುಮಟ್ಟ ಸುರಿದು, ಕೊಠಡಿಯ ಕಿಟಕಿಕಟ್ಟೆಯ ಮೇಲಿಟ್ಟು ಗಡಿಯಾರ ನೋಡಿದ. ಅರ್ಧ ಗಂಟೆ ಜಾಡಿ ಅಲುಗಬಾರದು. ಮೊದಲು ಏನೂ ಕಾಣಲಿಲ್ಲ. ಜಾಡಿಯೆಲ್ಲ ಒಂದೇ ಕಂದು. ಒಂದೆರಡು ನಿಮಿಷಕ್ಕೆ ಕಂದಿನೊಳಗೆ ಸಣ್ಣ ಸಣ್ಣ ಬಿರುಕುಗಳು ಮೂಡಿದವು, ಬಿರುಕುಗಳ ನಡುವಿನ ನೀರು ಮೇಲಕ್ಕೆ ಸರಿಯತೊಡಗಿತು. ಐದು ನಿಮಿಷಕ್ಕೆ ಎಳೆಗಳೆಲ್ಲ ಒಂದಾಗಿ, ಅಂಚು ಸರಿಯಾಗಿ ಕತ್ತರಿಸಿಟ್ಟಂತೆ, ಒಟ್ಟಿಗೆ ಕೆಳಗಿಳಿಯುತ್ತಿದ್ದವು. ಅರ್ಧ ಗಂಟೆಗೆ ಕಂದು ಪದರ ಮುನ್ನೂರು ಚಿಲ್ಲರೆಯ ಗೆರೆಗೆ ಬಂದು ನಿಂತಿತು. ಅದರ ಮೇಲಿನ ನೀರಿನ ಮೂಲಕ ಕಿಟಕಿಯಾಚೆಯ ಹೊಂಗೆ ಮರ ಕಾಣುತ್ತಿತ್ತು. ಅವನು ಅಂಕಿಯನ್ನು ಪುಸ್ತಕದಲ್ಲಿ ಬರೆದು ಪಕ್ಕದಲ್ಲಿ ಒಂದು ಸಣ್ಣ ಸರಿ ಗುರುತು ಹಾಕಿದ. ಗಸಿ ಉಬ್ಬಿ ಇಳಿಯದೆ ನಿಂತರೆ, ಮೇಲಿನ ನೀರು ಮಬ್ಬಾದರೆ, ಬೆಳಿಗ್ಗೆ ಬಂದ ಇಂಜಿನಿಯರು ಮೊದಲು ಓದುವುದು ಆ ಸಾಲನ್ನೇ.

ಗಾಳಿಯ ತೊಟ್ಟಿಯ ಈ ವಿಧಾನ ಹುಟ್ಟಿದ್ದು 1914ರಲ್ಲಿ, ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಡೇವಿಹಲ್ಮ್ ಘಟಕದಲ್ಲಿ. ಎಡ್ವರ್ಡ್ ಆರ್ಡರ್ನ್ ಮತ್ತು ವಿಲಿಯಂ ಲಾಕೆಟ್ ಪ್ರಯೋಗ ಮಾಡಿದವರು, ದಾರಿ ತೋರಿದವರು ಗಿಲ್ಬರ್ಟ್ ಫೌಲರ್. ಇದೇ ಫೌಲರ್ 1916ರಲ್ಲಿ ಬೆಂಗಳೂರಿಗೆ ಬಂದು ಟಾಟಾ ಇನ್‌ಸ್ಟಿಟ್ಯೂಟ್ ಎಂದು ನಾವು ಈಗಲೂ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು. ಕೊಳಚೆಗೆ ಗಾಳಿ ಊದಿ ತಿಳಿಯಾಗಿಸುವ ವಿದ್ಯೆ ಕಂಡ ಎರಡು ವರ್ಷಕ್ಕೇ ಅದರ ಗುರು ನಮ್ಮ ಊರಿನಲ್ಲಿದ್ದರು. ಬೆಂಗಳೂರಿನ ಕೆರೆಗಳ ಪಾಡು ನೋಡಿದಾಗೆಲ್ಲ ಈ ಸಂಗತಿ ನನ್ನನ್ನು ಕಾಡುತ್ತದೆ. ನಮಗೆ ತಿಳಿವಳಿಕೆ ತಡವಾಗಿ ಬಂದಿತೆಂದು ಹೇಳುವಂತಿಲ್ಲ.

ಕೊಳಚೆ ಕೆರೆಯನ್ನು ಕೊಲ್ಲುವುದು ಹೇಗೆಂದು ಒಂದು ಲೆಕ್ಕದಲ್ಲಿ ಹೇಳಬಹುದು. ಕೊಳೆಯನ್ನು ಬ್ಯಾಕ್ಟೀರಿಯಾ ಅರಗಿಸಲು ಎಷ್ಟು ಆಮ್ಲಜನಕ ಬೇಕೋ ಅದನ್ನು ಬಿಓಡಿ ಎನ್ನುತ್ತಾರೆ. ನಮ್ಮಲ್ಲಿ ಮಾದರಿಯನ್ನು 27 ಡಿಗ್ರಿಯಲ್ಲಿ ಮೂರು ದಿನ ಕತ್ತಲಲ್ಲಿಟ್ಟು ಅಳೆಯುತ್ತಾರೆ. ಊರ ಕೊಳಚೆಯಲ್ಲಿ ಅದು ಲೀಟರಿಗೆ 200ರಿಂದ 300 ಮಿಲಿಗ್ರಾಂ. ಒಳ್ಳೆಯ ಕೆರೆಯ ಒಂದು ಲೀಟರ್ ನೀರಲ್ಲಿ ಕರಗಿರುವ ಆಮ್ಲಜನಕ ಏಳೋ ಎಂಟೋ ಮಿಲಿಗ್ರಾಂ ಮಾತ್ರ. ಎಂದರೆ ಒಂದು ಲೀಟರ್ ಕೊಳಚೆಯು ಮೂವತ್ತು ಲೀಟರ್ ಕೆರೆಯ ಉಸಿರನ್ನು ಪೂರ್ತಿ ಹೀರಬಲ್ಲದು. ಮೀನು ಸಾಯುವುದು ವಿಷದಿಂದಲೇ ಎಂದೇನಿಲ್ಲ, ಹೆಚ್ಚಿನ ಸಲ ಉಸಿರು ಸಿಗದೆ. ಶುದ್ಧೀಕರಿಸಿದ ನೀರಿನ ಬಿಓಡಿ ದೊಡ್ಡ ನಗರಗಳಲ್ಲಿ 20, ಉಳಿದೆಡೆ 30 ಮೀರಬಾರದೆಂದು ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿತು. 2019ರ ಏಪ್ರಿಲ್‌ನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅದು ಸಾಲದು, 10 ಇರಬೇಕು ಎಂದಿತು. 250ನ್ನು 10ಕ್ಕೆ ಇಳಿಸುವುದು ಹಗಲು ರಾತ್ರಿ, ಹಬ್ಬ ಹರಿದಿನ, ಕರೆಂಟು ಇರಲಿ ಬಿಡಲಿ, ತಪ್ಪದೆ ನಡೆಯಬೇಕಾದ ಕೆಲಸ. ಒಂದು ದಿನ ರಜೆ ಹಾಕಿದರೂ ಅದರ ಬೆಲೆಯನ್ನು ಕೆಳಗಿನ ಕೆರೆ ತೆರುತ್ತದೆ.

ಘಟಕದ ಹಿಂಬಾಗಿಲಿನಿಂದ ಹೊರಬಿದ್ದ ನೀರು ಕಾಲುವೆಯಲ್ಲಿ ಸದ್ದು ಮಾಡುತ್ತ ಹೋಗುತ್ತದೆ. ನೋಡಲು ತಿಳಿ. ಆದರೆ ಕೆಲಸ ಮುಗಿದಿಲ್ಲ. ನಮ್ಮ ಊಟದ, ಮೂತ್ರದ, ಬಟ್ಟೆ ಸೋಪಿನ ಸಾರಜನಕ ಮತ್ತು ರಂಜಕ ಅದರಲ್ಲಿ ಕರಗಿ ಕೂತಿವೆ. ಅವು ಗೊಬ್ಬರ. ಹೊಲಕ್ಕೆ ಬಿದ್ದರೆ ಫಸಲು, ಕೆರೆಗೆ ಬಿದ್ದರೆ ಪಾಚಿ ಮತ್ತು ಕಳೆ. ಜಕ್ಕೂರಿನ ನೀರು ನೇರ ಕೆರೆಗೆ ಇಳಿಯುವುದಿಲ್ಲ ಎಂಬುದು ಈ ಊರಿನ ಪುಣ್ಯ. ಘಟಕಕ್ಕೂ ಕೆರೆಗೂ ನಡುವೆ ಜೊಂಡಿನ ಜೌಗು ಇದೆ.

ಇಲ್ಲಿಗೆ ಬಂದರೆ ಯಂತ್ರದ ಸದ್ದು ಹಿಂದೆ ಬೀಳುತ್ತದೆ. ಆಳೆತ್ತರದ ಜೊಂಡು, ತುದಿಯಲ್ಲಿ ಕಂದು ತೆನೆ, ಗಾಳಿ ಬೀಸಿದರೆ ಒಂದು ಬದಿಗೆ ವಾಲಿ ಮತ್ತೆ ನೆಟ್ಟಗಾಗುತ್ತದೆ. ಬುಡದಲ್ಲಿ ಅಂತರಗಂಗೆಯ ಹಸಿರು ಹಾಸು, ಅದರ ಊದಿಕೊಂಡ ಎಲೆತೊಟ್ಟುಗಳು, ನೀಲಿ ಹೂ. ನೀಲಿ ಜಂಬುಕೋಳಿಯೊಂದು ಉದ್ದ ಬೆರಳುಗಳನ್ನು ಹರಡಿ ಎಲೆಯ ಮೇಲೆ ತೂಕ ಹಂಚಿ ನಡೆಯುತ್ತಿತ್ತು. ಕೆಂಪು ಕೊಕ್ಕಿನಿಂದ ಒಂದು ಎಳೆ ದಂಟನ್ನು ಕಿತ್ತು, ಕಾಲಲ್ಲಿ ಹಿಡಿದು, ಸಿಪ್ಪೆ ಬಿಡಿಸಿ ತಿಂದಿತು. ಜೌಗಿನ ಅಂಚಿನಲ್ಲಿ ಇಬ್ಬರು ಹೆಂಗಸರು ಮೊಣಕಾಲಿನ ತನಕ ಸೀರೆ ಎತ್ತಿ ಕಟ್ಟಿ ಹುಲ್ಲು ಕೊಯ್ಯುತ್ತಿದ್ದರು. ಹೊರೆ ಕಟ್ಟಿಟ್ಟು, “ನಮ್ಮ ಎರಡು ಹಸುಗೆ ಇದೇ ಕಣವ್ವ, ಬೇಸಗೇಲೂ ಒಣಗಲ್ಲ” ಎಂದಳು ಹಿರಿಯಾಕೆ.

ಅವರು ಕೊಯ್ದ ಪ್ರತಿ ಹೊರೆಯೂ ನೀರಿನ ಗೊಬ್ಬರವನ್ನು ಕೆರೆಯಿಂದ ಹೊರಗೆ ಒಯ್ದಂತೆ. ಇದು ಬಹಳ ಮುಖ್ಯವಾದ ಮಾತು. ಜೊಂಡು ಸಾರಜನಕ, ರಂಜಕಗಳನ್ನು ಹೀರಿ ಬೆಳೆಯುತ್ತದೆ. ಕೊಯ್ಯದೆ ಬಿಟ್ಟರೆ ಒಣಗಿ, ಬಾಗಿ, ಅದೇ ನೀರಿಗೆ ಬಿದ್ದು ಕೊಳೆತು ಹೀರಿದ್ದನ್ನೆಲ್ಲ ವಾಪಸು ಕೊಡುತ್ತದೆ. ಗಿಡಕ್ಕಿಂತ ಹೆಚ್ಚಿನ ಕೆಲಸ ಅದರ ಬೇರಿನ ಸುತ್ತ ನಡೆಯುತ್ತದೆ. ಬೇರು ಮುಟ್ಟಿದಲ್ಲಿ ಒಂದಿಷ್ಟು ಆಮ್ಲಜನಕ, ಅರ್ಧ ಬೆರಳು ಆಚೆಗೆ ಏನೂ ಇಲ್ಲ. ಒಂದು ಕಡೆಯ ಬ್ಯಾಕ್ಟೀರಿಯಾ ಅಮೋನಿಯಾವನ್ನು ನೈಟ್ರೇಟ್ ಮಾಡಿದರೆ, ಪಕ್ಕದಲ್ಲಿಯೇ ಇರುವ ಇನ್ನೊಂದು ಆ ನೈಟ್ರೇಟನ್ನು ಸಾರಜನಕದ ಅನಿಲವಾಗಿಸಿ ಗಾಳಿಗೆ ಬಿಡುತ್ತದೆ. ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ತಂಡ ಇಲ್ಲಿಯ ನೀರನ್ನು ಘಟಕದ ಬಾಯಿ, ಜೌಗು, ಕೆರೆ, ಕೋಡಿ ಎಂದು ಹಂತಹಂತವಾಗಿ ಪರೀಕ್ಷಿಸಿ, ಯಂತ್ರ ಉಳಿಸಿದ್ದನ್ನು ಜೌಗು, ಜೌಗು ಉಳಿಸಿದ್ದನ್ನು ಕೆರೆ ತೆಗೆಯುವುದನ್ನು ದಾಖಲಿಸಿದೆ. ಜೌಗೆಂದರೆ ಸೊಳ್ಳೆಯ ತಾಣ, ಮಣ್ಣು ಸುರಿದು ಉದ್ಯಾನ ಮಾಡಬೇಕಾದ ಹಾಳು ಜಾಗ ಎಂದು ತಿಳಿಯುವವರು ಒಂದು ಸಲ ಇಲ್ಲಿ ಬಂದು ನಿಲ್ಲಬೇಕು.

ಜೊಂಡು ಮುಗಿದಲ್ಲಿ ಕೆರೆ ತೆರೆದುಕೊಳ್ಳುತ್ತದೆ. ಸುಮಾರು 160 ಎಕರೆ. ಪಡುವಣ ದಡದಾಚೆ ಜಕ್ಕೂರು ಏರೋಡ್ರೋಮು. ಅಲ್ಲಿಂದ ಎದ್ದ ಪುಟ್ಟ ವಿಮಾನ ಕೆರೆಯ ಮೇಲೆ ತಿರುವು ತೆಗೆದುಕೊಂಡಾಗ ನಾಮದ ಕೋಳಿಗಳ ಹಿಂಡು ಒಮ್ಮೆಗೇ ನೀರ ಮೇಲೆ ಓಡಿ ಇನ್ನೊಂದು ಮೂಲೆ ಸೇರುತ್ತದೆ. ನಡುಗಡ್ಡೆಯ ಮರಗಳಲ್ಲಿ ರೆಕ್ಕೆ ಬಿಚ್ಚಿ ಒಣಗಿಸುತ್ತಿರುವ ನೀರುಕಾಗೆಗಳು, ಕತ್ತು ಮಾತ್ರ ಹೊರಗಿಟ್ಟು ಈಜುವ ಹಾವಕ್ಕಿ, ಆಳಕ್ಕೆ ಮುಳುಗಿ ಎಲ್ಲೋ ಏಳುವ ಗುಳುಮುಳುಕ. ಚಳಿಗಾಲದಲ್ಲಿ ಹೆಜ್ಜಾರ್ಲೆಗಳು ಸಾಲುಗಟ್ಟಿ ಮೀನು ಅಟ್ಟುತ್ತವೆ. ತೆಪ್ಪದಲ್ಲಿ ಬಂದ ಮೀನುಗಾರನ ಬುಟ್ಟಿಯಲ್ಲಿ ಕಾಟ್ಲಾ, ರೋಹು, ಬೆಳ್ಳಗೆ ಮಿರುಗುವ ಜಿಲೇಬಿ. ನೀರು ಹೇಗಿದೆ ಎಂದು ಕೇಳಿದರೆ ಅವನು ಯಾವ ಅಂಕಿಯನ್ನೂ ಹೇಳಲಿಲ್ಲ. “ಎರಡು ದಿನ ಮೋಡ ಮುಚ್ಕೊಂಡು ಬಿಸಿಲೇ ಇಲ್ಲ ಅಂದ್ರೆ ಅಕ್ಕ, ಬೆಳಗಿನ ಜಾವ ಮೀನು ಮೇಲಕ್ಕೆ ಬಂದು ಬಾಯಿ ಬಿಡ್ತವೆ. ಆಗ ನಮ್ಗೆ ಎದೆ ಹೊಡ್ಕೊಳ್ತದೆ.” ಪಾಚಿ ಹಗಲು ಆಮ್ಲಜನಕ ಕೊಟ್ಟು ರಾತ್ರಿ ತಾನೇ ಅದನ್ನು ಬಳಸಿಕೊಳ್ಳುವುದು, ಮೋಡದ ದಿನ ಕೊಡುವುದು ಕಡಿಮೆಯಾಗಿ ನಸುಕಿಗೆ ಕೆರೆ ಬರಿದಾಗುವುದು ಪುಸ್ತಕದಲ್ಲಿರುವ ಸಂಗತಿ. ಅವನು ಅದನ್ನು ಮೀನಿನ ಬಾಯಿ ನೋಡಿ ಕಲಿತಿದ್ದಾನೆ.

ಹಿಂದೆ ಇದು ಮಳೆಗಾಲದ ಕೆರೆ. ಈ ಸೀಮೆಯ ಎಲ್ಲ ಕೆರೆಗಳ ಹಾಗೆ ಕಾರ್ತಿಕಕ್ಕೆ ತುಂಬಿ, ಗದ್ದೆಗೆ ತೂಬು ತೆರೆದು, ಚೈತ್ರ ವೈಶಾಖಕ್ಕೆ ತಳ ಕಂಡು ಹೂಳು ಎತ್ತಲು ಗಾಡಿ ಇಳಿಯುತ್ತಿತ್ತು. ಈಗ ಬೇಸಗೆಯಲ್ಲೂ ತುಂಬು ಕೆರೆ. ದಿನಕ್ಕೆ 1 ಕೋಟಿ ಲೀಟರನ್ನು 160 ಎಕರೆಗೆ ಹರಡಿದರೆ ಒಂದೂವರೆ ಸೆಂಟಿಮೀಟರ್ ನೀರಾಗುತ್ತದೆ. ಏಪ್ರಿಲ್ ಬಿಸಿಲು ಹೀರುವುದು ಅದರ ಅರ್ಧದಷ್ಟೂ ಇಲ್ಲ. ಉಳಿದದ್ದರಲ್ಲಿ ಒಂದು ಪಾಲು ನೆಲಕ್ಕಿಳಿಯುತ್ತದೆ, ಒಂದು ಪಾಲು ಕೋಡಿಯಿಂದ ರಾಚೇನಹಳ್ಳಿ ಕೆರೆಗೆ ಹರಿಯುತ್ತದೆ. ಕೆರೆಯ ಆಸುಪಾಸಿನ ತೆರೆದ ಬಾವಿಗಳಲ್ಲಿ ನೀರು ಮೇಲಿರುವುದಕ್ಕೆ ಇದೇ ಕಾರಣ. ನೀರಿನ ವಿಚಾರದಲ್ಲಿ ದಶಕಗಳಿಂದ ಬರೆಯುತ್ತ, ಮಾತಾಡುತ್ತ ಬಂದಿರುವ ಎಸ್. ವಿಶ್ವನಾಥ್ ಘಟಕ, ಜೌಗು, ಕೆರೆ, ಬಾವಿ ಎಂಬ ಈ ಸರಪಳಿಯನ್ನು ಬೇರೆ ಊರುಗಳಿಗೂ ಮಾದರಿಯಾಗಿ ತೋರಿಸುತ್ತಾರೆ. ನನಗೂ ಅದು ಸರಿಯೆಂದೇ ತೋರುತ್ತದೆ.

ಈ ಸರಪಳಿ ಇಲ್ಲದ ಕಡೆ ಏನಾಗುತ್ತದೆಂದು ನೋಡಲು ದೂರ ಹೋಗಬೇಕಿಲ್ಲ. ಇದೇ ನಗರದ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿ ಸ್ಕೂಟರು ಸವಾರರ ಮುಖಕ್ಕೆ ಮೆತ್ತಿತು. 2017ರ ಫೆಬ್ರವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಅಲ್ಲಿ ಬೆಂಕಿ ಕಾಣಿಸಿಕೊಂಡು ಜಗತ್ತೇ ನೋಡಿತು. 2016ರ ಮಾರ್ಚಿನಲ್ಲಿ ಹಲಸೂರು ಕೆರೆಯ ದಡದುದ್ದಕ್ಕೂ ಸತ್ತ ಮೀನು ತೇಲಿದವು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020–21ರ ಲೆಕ್ಕದಂತೆ ದೇಶದ ಪಟ್ಟಣ, ನಗರಗಳಿಂದ ದಿನಕ್ಕೆ ಹೊರಬೀಳುವ ಕೊಳಚೆ 72,368 ಎಂಎಲ್‌ಡಿ. ಅದರಲ್ಲಿ ಶುದ್ಧವಾಗುತ್ತಿದ್ದದ್ದು 20,235. ಉಳಿದದ್ದೆಲ್ಲ ಯಾವುದೋ ಕೆರೆಗೆ, ಯಾವುದೋ ಹೊಳೆಗೆ ಹೋಗಿದೆ.

ಕೆರೆ ಉಳಿಸುವುದೆಂದರೆ ನಮ್ಮಲ್ಲಿ ಬೇಲಿ ಹಾಕಿ, ನಡೆದಾಡುವ ಹಾದಿ ಮಾಡಿ, ಕಲ್ಲುಬೆಂಚು ಇಟ್ಟು ಫಲಕ ನಿಲ್ಲಿಸುವುದಾಗಿದೆ. ಜಕ್ಕೂರಿನಲ್ಲೂ ಹಾದಿ, ಬೇಲಿ ಎಲ್ಲ ಇವೆ. ಬಿಡಿಎ ಜೀರ್ಣೋದ್ಧಾರ ಮಾಡಿದಾಗ ಬಂದವು. ಸುತ್ತಲಿನ ನಿವಾಸಿಗಳ ಜಲಪೋಷಣ್ ಬಳಗ ಕೆರೆಯನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳುತ್ತದೆ. ಅದೆಲ್ಲ ಬೇಕು. ಆದರೆ ಬೆಳಗಿನ ನಡಿಗೆಗೆ ಬರುವ ನೂರಾರು ಜನ ಹೆಜ್ಜಾರ್ಲೆಯ ಫೋಟೋ ತೆಗೆದು ಮರಳುವಾಗ, ಆ ಹಕ್ಕಿಯ ಹೊಟ್ಟೆಗೆ ಮೀನು ಬಂದದ್ದು ಬಡಗಣ ತುದಿಯ ಆ ಕಂದು ತೊಟ್ಟಿಯಿಂದ ಎಂಬುದನ್ನು ಹೇಳುವ ಫಲಕವೊಂದು ಅಲ್ಲಿರಬೇಕಿತ್ತು ಎನಿಸುತ್ತದೆ. ಶಾಲೆಯ ಮಕ್ಕಳನ್ನು ಕೆರೆ ನೋಡಲು ಕರೆತರುವವರು ಮೊದಲು ಅವರನ್ನು ಜಾಲರಿಯ ಹತ್ತಿರ ನಿಲ್ಲಿಸಲಿ.

ತಿಳಿಯಾದ ನೀರಿಗೆ ಈಗ ಹಕ್ಕುದಾರರೂ ಹೆಚ್ಚಿದ್ದಾರೆ. ಯಲಹಂಕದಲ್ಲಿ ವಿದ್ಯುತ್ ನಿಗಮ ಕಟ್ಟಿದ 370 ಮೆಗಾವಾಟಿನ ಅನಿಲ ಸ್ಥಾವರಕ್ಕೆ ಜಕ್ಕೂರು ಘಟಕದ ನೀರನ್ನು ಕೊಡುವ ಯೋಜನೆ ಬಂದಾಗ ಕೆರೆಯನ್ನು ಪ್ರೀತಿಸುವವರು ಗಾಬರಿಯಾದರು. ಕುಡಿಯುವ ನೀರನ್ನು ಯಂತ್ರ ತಂಪುಮಾಡಲು ಸುರಿಯುವುದಕ್ಕಿಂತ ಇದು ಲೇಸು, ಆ ವಾದವನ್ನು ಅಲ್ಲಗಳೆಯಲಾಗದು. ಆದರೆ ಕೆರೆಗೆ ಬರುವುದೆಲ್ಲವನ್ನೂ ಪೈಪಿಗೆ ತಿರುಗಿಸಿದರೆ ಜೌಗು ಒಣಗುತ್ತದೆ, ಬಾವಿ ಇಳಿಯುತ್ತದೆ, ಮೀನುಗಾರನ ತೆಪ್ಪ ಮಣ್ಣಿಗೆ ತಾಗುತ್ತದೆ. 2018ರ ಜೂನ್‌ನಿಂದ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಶುದ್ಧೀಕರಿಸಿದ ನೀರು ಕೋಲಾರದ ಕೆರೆಗಳಿಗೆ ಹರಿಯುತ್ತಿದೆ. ಅಲ್ಲಿಯೂ ಬತ್ತಿದ ಕೊಳವೆಬಾವಿ ತುಂಬಿದ ಸಂತೋಷವೂ, ಎರಡೇ ಹಂತದ ಶುದ್ಧಿ ಸಾಕೇ ಎಂಬ ಆತಂಕವೂ ಜೊತೆಜೊತೆಗೇ ಇವೆ. ಕೆರೆಯೊಂದಕ್ಕೆ ಬದುಕಲು ದಿನಕ್ಕೆ ಇಷ್ಟು ನೀರು ಎಂದು ಮೊದಲೇ ತೆಗೆದಿಟ್ಟು, ಉಳಿದದ್ದನ್ನು ಹಂಚುವ ಲೆಕ್ಕ ಬರಬೇಕು. ಕೇಳಿದವರಿಗೆಲ್ಲ ಕೊಟ್ಟು ಕೊನೆಗೆ ಉಳಿದರೆ ಕೆರೆಗೆ ಎನ್ನುವುದಾದರೆ ಜಕ್ಕೂರು ಮತ್ತೆ ಮೊದಲಿನ ಪಾಡಿಗೆ ಬರುತ್ತದೆ.

ಮಳೆ ಬಿದ್ದ ದಿನ ಬೇರೆಯೇ ಚಿತ್ರ. ರಾಜಕಾಲುವೆಯಲ್ಲಿ ಮಳೆನೀರಿನ ಜೊತೆ, ಇನ್ನೂ ಒಳಚರಂಡಿ ಸೇರದ ಮನೆಗಳ ಕೊಳಚೆ ಘಟಕವನ್ನು ಮುಟ್ಟದೆ ಕೆರೆಯತ್ತ ನುಗ್ಗುತ್ತದೆ. ಜೌಗು ಅದರಲ್ಲಿ ಒಂದಷ್ಟನ್ನು ತಡೆಯುತ್ತದೆ, ಎಲ್ಲವನ್ನೂ ಅಲ್ಲ. ಕೊಳವೆಗೆ ಕೊಳವೆ, ಮನೆಗೆ ಮನೆ ಸೇರಿಸುವ ಕೆಲಸ ಮುಗಿಯದೆ ಘಟಕ ಎಷ್ಟೇ ದೊಡ್ಡದಾದರೂ ಪೂರ್ತಿ ಫಲವಿಲ್ಲ.

ಹೊರಡುವ ಮುನ್ನ, ನಿಮಗೆ ಹೆಚ್ಚು ಭಯ ಯಾವುದರದು ಎಂದು ಆಪರೇಟರ್‌ನನ್ನು ಕೇಳಿದೆ. ಕರೆಂಟು ಹೋಗುವುದು, ಪಂಪು ಸುಡುವುದು ಎಂದಾನೆಂದು ಎಣಿಸಿದ್ದೆ. ಅವನು ಹಿಂದೆ ಬೇರೊಂದು ಊರಿನ ಘಟಕದಲ್ಲಿದ್ದಾಗಿನ ಒಂದು ರಾತ್ರಿಯ ಸಂಗತಿ ಹೇಳಿದ. ಎರಡು ಗಂಟೆಯ ಹೊತ್ತಿಗೆ ಜಾಲರಿಗೆ ಬಂದ ನೀರು ನೇರಳೆ ಬಣ್ಣದ್ದಾಗಿತ್ತಂತೆ, ಕಣ್ಣು ಉರಿಯುವ ಘಾಟು. ಎಲ್ಲಿಂದಲೋ ಬಂದ ಟ್ಯಾಂಕರು ರಾಸಾಯನಿಕವನ್ನು ಯಾವುದೋ ಮ್ಯಾನ್‌ಹೋಲಿಗೆ ಸುರಿದು ಹೋಗಿತ್ತು. ಬೆಳಗಾಗುವಷ್ಟರಲ್ಲಿ ಗಾಳಿಯ ತೊಟ್ಟಿಯ ಕಂದು ಬಣ್ಣ ಬೂದಿಯಾಗಿತ್ತು. ಜಾಡಿಯಲ್ಲಿಟ್ಟರೆ ಎಳೆಗಳು ಇಳಿಯಲೇ ಇಲ್ಲ. ಬ್ಯಾಕ್ಟೀರಿಯಾ ಸತ್ತಿದ್ದವು. “ಇನ್ನೊಂದು ಪ್ಲಾಂಟಿಂದ ಟ್ಯಾಂಕರಲ್ಲಿ ಗಸಿ ತಂದು ಹಾಕಿ, ಗಾಳಿ ಕೊಟ್ಟು, ಮತ್ತೆ ಬೆಳೆಸೋಕೆ ವಾರಗಟ್ಟಲೆ ಹಿಡೀತು ಮೇಡಂ. ಅಷ್ಟು ದಿನ ನೀರು ಹಾಗೇ ಹೋಯ್ತು, ಕೆಳಗಿನ ಹಳ್ಳಕ್ಕೆ.” ಅವತ್ತು ರಾತ್ರಿಯೇ ಅವನೂ ಲೈನಿನವರೂ ಟಾರ್ಚು ಹಿಡಿದು ಮುಖ್ಯ ಕೊಳವೆಯ ಜಾಡಿನಲ್ಲಿ ಮೇಲಕ್ಕೆ ನಡೆದಿದ್ದರು. ಒಂದೊಂದೇ ಮುಚ್ಚಳ ಎತ್ತಿ ಬಣ್ಣ ನೋಡುತ್ತ ಹೋದಾಗ ಒಂದರಲ್ಲಿ ನೇರಳೆ ಇತ್ತು, ಅದರ ಮುಂದಿನದರಲ್ಲಿ ಇರಲಿಲ್ಲ. ನೇರಳೆ ಕಂಡ ಮುಚ್ಚಳದ ಪಕ್ಕದ ಖಾಲಿ ಸೈಟಿನ ಕೆಸರಲ್ಲಿ ಲಾರಿಯ ಚಕ್ರದ ಗುರುತು ಹಸಿಯಾಗಿಯೇ ಇತ್ತು. ಲಾರಿ ಸಿಕ್ಕಲಿಲ್ಲ. ಆ ಮುಚ್ಚಳವನ್ನು ಮರುದಿನ ವೆಲ್ಡಿಂಗ್ ಮಾಡಿಸಿದರು. ಅಂದಿನಿಂದ ಇವನು ರಾತ್ರಿ ಪಾಳಿಯಲ್ಲಿ ಗಂಟೆಗೊಮ್ಮೆ ಜಾಲರಿಯ ಹತ್ತಿರ ಹೋಗಿ ಒಂದು ಮಗ್ಗು ನೀರೆತ್ತಿ ದೀಪದ ಕೆಳಗೆ ಬಣ್ಣ ನೋಡುತ್ತಾನೆ, ಪಿಎಚ್ ಪಟ್ಟಿ ಅದ್ದುತ್ತಾನೆ. ಹಾಗೆಂದು ಅವನಿಗೆ ಯಾರೂ ಹೇಳಿಲ್ಲ, ಪುಸ್ತಕದಲ್ಲಿ ಅದಕ್ಕೊಂದು ಅಂಕಣವೂ ಇರಲಿಲ್ಲ. ಅಂಚಿನಲ್ಲಿ ಅವನೇ ಪೆನ್ನಿನಿಂದ ಗೆರೆ ಎಳೆದುಕೊಂಡಿದ್ದಾನೆ.